ಮೊದಲ ಸೊಪ್ಪು

ಹುಣಸೆಕೊಪ್ಪಲಿನಲ್ಲಿ ರೇಷ್ಮೆ ಹುಳ ಮನೆಗೆ ಬಂದ ದಿನ ಮೊದಲ ಸೊಪ್ಪನ್ನು ಯಾರೆಂದರೆ ಅವರು ಹಾಕುವಂತಿರಲಿಲ್ಲ. ಮೊಟ್ಟೆಯೊಡೆದ ಹುಳವನ್ನು ಸಾಕಿಕೊಡುವ ಮಳವಳ್ಳಿಯ ಚಾಕಿ ಕೇಂದ್ರದಿಂದ ಎರಡು ಜ್ವರ ಮುಗಿಸಿದ ಮರಿಹುಳ ಗೂಡ್ಸ್ ಆಟೋದಲ್ಲಿ ಬಂದಿಳಿದರೆ, ಮನೆಯವರು ಮೊದಲು ಮಾಡುತ್ತಿದ್ದ ಕೆಲಸ ದೇವಿರಮ್ಮನ ಮನೆಗೆ ಒಬ್ಬರನ್ನು ಓಡಿಸುವುದು. ಹುಳ ಪೊರೆ ಬಿಡುವ ಮುಂಚೆ ಮೇವು ಬಿಟ್ಟು ಮಂಕಾಗಿ ಕೂರುವುದಕ್ಕೆ ಆ ಸೀಮೆಯಲ್ಲಿ ಜ್ವರ ಎನ್ನುತ್ತಾರೆ. ನಾಲ್ಕು ಜ್ವರ ದಾಟಿದ ಹುಳ ಗೂಡು ಕಟ್ಟುತ್ತದೆ, ದಾಟದ್ದು ತಿಪ್ಪೆಗೆ ಹೋಗುತ್ತದೆ. ದೇವಿರಮ್ಮ ಕೈಕಾಲು ತೊಳೆದು ಬಂದು, ಒಂದು ಹಿಡಿ ಎಳೆಯ ಸೊಪ್ಪನ್ನು ಬಲಗೈಯಿಂದ ಹುಳದ ಮೇಲೆ ಉದುರಿಸಿ, ತುಟಿಪಿಟಿಕ್ಕೆನ್ನದೆ ಹೊರಗೆ ಬರುತ್ತಿದ್ದಳು. ಆಮೇಲೆ ಒಂದು ಲೋಟ ಕಾಫಿ. ಮುಗಿಯಿತು.

ಮಂತ್ರವಿಲ್ಲ, ಅರಿಸಿನ ಕುಂಕುಮವಿಲ್ಲ. ಸೊಪ್ಪು ಅದೇ ತೋಟದ್ದು, ಹುಳ ಅದೇ ಚಾಕಿಯದು. ಆದರೂ ಆಕೆಯ ಕೈಯಲ್ಲಿ ಮೊದಲ ಮೇವು ತಿಂದ ಹುಳ ಕೆಡುವುದಿಲ್ಲ ಎನ್ನುವುದು ಊರಿನ ನಂಬಿಕೆ. ಹಾಗೆ ನೋಡಿದರೆ ಕೆಟ್ಟದ್ದೂ ಉಂಟು. ಬೆಳೆ ಚೆನ್ನಾಗಿ ಬಂದರೆ ದೇವಿರಮ್ಮನ ಕೈಗುಣ, ಕೈಕೊಟ್ಟರೆ ಊಜಿ ನೊಣದ ಕಾಟ. ಒಮ್ಮೆ ಒಳ್ಳೆಯ ಹೆಸರು ಬಂದುಬಿಟ್ಟರೆ ಅದನ್ನು ಕಾಯುವ ಕೆಲಸವನ್ನು ಊರೇ ಮಾಡುತ್ತದೆ. ದೇವಿರಮ್ಮನೂ ಆ ಕೈಯನ್ನು ಜತನವಾಗಿಯೇ ಇಟ್ಟುಕೊಂಡಿದ್ದಳು. ಮಗ ನಾಗರಾಜು ಚಿಕ್ಕವನಿದ್ದಾಗ ಅವನಿಗೆ ಬಾರಿಸಬೇಕೆಂದರೂ ಎಡಗೈಯಲ್ಲೇ ಬಾರಿಸಿದವಳು.

ಆಕೆಯ ಗಂಡ ಕೆಂಪಯ್ಯ ತೀರಿಕೊಂಡಾಗ ಊರಿನ ಹೆಂಗಸರು ಒಂದಿಷ್ಟು ಯೋಚನೆಗೆ ಬಿದ್ದರು. ಕುಂಕುಮ ಹೋದ ಹೆಂಗಸಿನಿಂದ ಮೊದಲ ಸೊಪ್ಪು ಹಾಕಿಸಬಹುದೇ? ಪಕ್ಕದ ಮನೆಯ ಚಿಕ್ಕಬೋರಮ್ಮನೇ ಮುಂದೆ ಬಂದು, "ಕೈಗೂ ತಾಳಿಗೂ ಏನ್ ಸಂಬಂದ? ಕೈ ಅಂದ್ರೆ ಕೈ ಕಣ್ರವ್ವಾ" ಎಂದು ಬಾಯಿ ಮುಚ್ಚಿಸಿದಳು. ಇಬ್ಬರೂ ಒಂದೇ ಬೇಸಗೆಯಲ್ಲಿ ಆ ಊರಿಗೆ ಸೊಸೆಯಾಗಿ ಬಂದವರು. ಊರು ದೊಡ್ಡ ಮನಸ್ಸು ಮಾಡಿತು. ಊರು ಮಾಡುವ ದೊಡ್ಡ ಮನಸ್ಸಿಗೆ ಆಯಸ್ಸು ಬಹಳ ಇರುವುದಿಲ್ಲ, ಅದು ಬೇರೆ ಮಾತು.

ಆ ವರ್ಷವೇ ಊರ ಮೂಡಲಿಗೆ ಇಟ್ಟಿಗೆ ಫ್ಯಾಕ್ಟರಿಯ ಚಿಮಣಿ ಎದ್ದಿತು. ಸಾಹುಕಾರ ಮದ್ದೂರಿನವನು, ಜಮೀನು ಚಿಕ್ಕಬೋರಮ್ಮನ ಗಂಡನದು, ಗುತ್ತಿಗೆಗೆ ಕೊಟ್ಟದ್ದು. ದೀಪಾವಳಿ ಕಳೆದ ಮೇಲೆ ಹೊತ್ತಿಸಿದ ಬೆಂಕಿ ಮುಂಗಾರು ಬೀಳುವ ತನಕ ಆರುತ್ತಿರಲಿಲ್ಲ. ಕಲ್ಲಿದ್ದಲು, ಮರದ ಹೊಟ್ಟು, ಹಳೇ ರಬ್ಬರು, ಸಿಕ್ಕಿದ್ದನ್ನೆಲ್ಲ ಉರಿಸುತ್ತಿದ್ದರು. ಚಳಿಗಾಲದ ಮೂಡಗಾಳಿ ಆ ಹೊಗೆಯನ್ನು ಊರ ಕಡ್ಡಿ ತೋಟಗಳ, ಎಂದರೆ ಹಿಪ್ಪುನೇರಳೆ ತೋಟಗಳ, ಮೇಲೆ ಹಾಸಿಕೊಂಡು ಹೋಗುತ್ತಿತ್ತು. ಮೊದಮೊದಲು ಯಾರಿಗೂ ಬೇಸರವಿರಲಿಲ್ಲ. ಹತ್ತಾರು ಜನಕ್ಕೆ ಕೂಲಿ ಸಿಕ್ಕಿತು, ಮನೆ ಕಟ್ಟುವವರಿಗೆ ಕಾಲಬುಡದಲ್ಲೇ ಇಟ್ಟಿಗೆ ಸಿಕ್ಕಿತು. ಊರಿನ ಮಾರಿಗುಡಿಗೆ ಸಾಹುಕಾರ ಪುಕ್ಕಟೆ ಕಾಂಪೌಂಡು ಕಟ್ಟಿಸಿಕೊಟ್ಟ. ಇನ್ನೇನು ಬೇಕು?

ಗಿಡಮರಗಳು ಮಾತ್ರ ಒಂದೊಂದಾಗಿ ಮಾತಾಡತೊಡಗಿದವು. ಕೇಳುವವರು ಇರಲಿಲ್ಲ. ಮೊದಲ ವರ್ಷ ಮಾವಿನಕಾಯಿಗಳ ತುದಿ ಕಪ್ಪಾಗಿ, ಬೆಂದ ಬದನೆಯ ಹಾಗೆ ಮೆತ್ತಗಾಗಿ ಉದುರಿದವು. ಮಂಜು ಹೊಡೆದಿದೆ ಎಂದರು. ನುಗ್ಗೆ ಎಲೆ ಉದುರಿಸಿ ಬರೀ ಕೊಂಬೆಯಾಗಿ ನಿಂತಿತು. ಕಂಬಳಿಹುಳ ಎಂದರು. ಬೇಲಿಯ ಹೊಂಗೆಯ ಎಲೆಗೆ ಸುತ್ತಲೂ ಬೀಡಿ ತಾಗಿಸಿದಂತೆ ಕಂದು ಅಂಚು ಬಂತು. ಭೂಮಿ ತಾಯಿಗೆ ಗೊಬ್ಬರ ಸಾಲದು ಎಂದರು. ಬದುಗಳ ಮೇಲಿನ ತುಂಬೆ ಕಾಣೆಯಾಯಿತು, ಶಿವರಾತ್ರಿಗೆ ಹುಡುಕಿದಾಗಲೇ ಅದು ಇಲ್ಲವೆಂದು ಗೊತ್ತಾದದ್ದು. ಹುಣಸೆಮರದ ತೊಗಟೆಯ ಮೇಲೆ ಅಜ್ಜಂದಿರ ಕಾಲದಿಂದ ಹಬ್ಬಿದ್ದ ಬೂದುಬಣ್ಣದ ಕಲ್ಲುಹೂ ಸುಲಿದು ಬಿದ್ದು ಮರ ಬೋಳಾಗಿ ಕಂಡಿತು, ಅದಕ್ಕೆ ಮಾತ್ರ ಯಾರೂ ಕಾರಣ ಹೇಳುವ ತೊಂದರೆ ತೆಗೆದುಕೊಳ್ಳಲಿಲ್ಲ. ಅತ್ತ ಎಕ್ಕ, ಲಾಂಟಾನ, ಕಾಂಗ್ರೆಸ್ ಗಿಡಗಳಿಗೆ ಹೊಗೆಯೇ ಹಾಲುತುಪ್ಪ. ಫ್ಯಾಕ್ಟರಿಯ ಸುತ್ತ ಅವು ಬಿಟ್ಟರೆ ಬೇರೆ ಹಸಿರು ಉಳಿಯಲಿಲ್ಲ. ಊರಿನ ಜನ ದಡ್ಡರಲ್ಲ. ಎಲ್ಲವನ್ನೂ ಕಂಡಿದ್ದರು, ಒಂದೊಂದಕ್ಕೂ ಬೇರೆ ಬೇರೆ ಕಾರಣ ಕೊಟ್ಟಿದ್ದರು, ಅಷ್ಟೇ.

ಹುಳಕ್ಕೆ ಬಂದಾಗ ಕಾರಣ ಹುಡುಕಬೇಕಾಗಲಿಲ್ಲ. ಅದು ಸಿದ್ಧವಾಗಿ ಪಕ್ಕದ ಮನೆಯಲ್ಲೇ ಕೂತಿತ್ತು.

ಮೊದಲು ಕೆಟ್ಟದ್ದು ಚಿಕ್ಕಬೋರಮ್ಮನ ಬೆಳೆ. ಅವಳ ತೋಟ ಫ್ಯಾಕ್ಟರಿಗೆ ಆತುಕೊಂಡಂತಿತ್ತು. ಹುಳ ಮೂರನೇ ಜ್ವರದಿಂದ ಒಂದೇ ಸಮ ಏಳಲಿಲ್ಲ. ಕೆಲವು ದಪ್ಪ, ಕೆಲವು ಕಡ್ಡಿಯಂತೆ ಸಣಕಲು, ಮೈಯ ಗೆಣ್ಣುಗಳಲ್ಲಿ ಕಪ್ಪು ಪಟ್ಟೆ. ನಾಲ್ಕನೇ ಜ್ವರಕ್ಕೆ ಕೂತವು ಏಳಲೇ ಇಲ್ಲ. ಮುಂದಿನ ಸಲ ಇನ್ನೆರಡು ಮನೆಯಲ್ಲಿ ಹೀಗೇ ಆಯಿತು. ಮೂರೂ ಮನೆಯಲ್ಲಿ ಮೊದಲ ಸೊಪ್ಪು ದೇವಿರಮ್ಮನದು. ಯಾರೂ ಎದುರಿಗೆ ಏನೂ ಅನ್ನಲಿಲ್ಲ. ಆದರೆ ಅದರ ಮುಂದಿನ ಸಲ ಚಾಕಿಯ ಆಟೋ ಬೀದಿಯಲ್ಲಿ ನಿಂತಾಗ ದೇವಿರಮ್ಮನನ್ನು ಕರೆಯಲು ಯಾರೂ ಬರಲಿಲ್ಲ. ಆಕೆ ಕೈಕಾಲು ತೊಳೆದು ಜಗಲಿಯ ಮೇಲೆ ಕೂತಿದ್ದಳು. ಕಾಲಿನ ನೀರು ಒಣಗಿತು. ಆಮೇಲೆ ಎದ್ದು ಒಳಗೆ ಹೋದಳು.

ಆಗ ವೈಶಾಖ ಮುಗಿಯುತ್ತಾ ಬಂದಿತ್ತು. ಮಳೆ ಬಿತ್ತು, ಫ್ಯಾಕ್ಟರಿ ಆರಿತು, ಗಾಳಿ ಪಡುವಣದಿಂದ ಬೀಸತೊಡಗಿತು. ಕಡ್ಡಿ ಹೊಸದಾಗಿ ಚಿಗುರಿತು. ಆ ಮಳೆಗಾಲವೆಲ್ಲ ಊರಿನಲ್ಲಿ ಹುಳ ಚಿನ್ನದಂತೆ ಬೆಳೆಯಿತು. ರಾಮನಗರದ ಮಾರುಕಟ್ಟೆಯಿಂದ ಬಂದವರೆಲ್ಲ ನಗುನಗುತ್ತ ಬಂದರು. ಇದಕ್ಕಿಂತ ದೊಡ್ಡ ಸಾಕ್ಷಿ ಬೇಕೇ? ದೇವಿರಮ್ಮನನ್ನು ಬಿಟ್ಟರು, ಹುಳ ಉಳಿಯಿತು. ಮತ್ತೆ ಚಳಿಗಾಲದಲ್ಲಿ ಅಲ್ಲೊಂದು ಇಲ್ಲೊಂದು ಬೆಳೆ ಕೆಟ್ಟಾಗ ಊಜಿ ನೊಣ ಎಂದರು, ಮೊಟ್ಟೆ ಸರಿಯಿಲ್ಲ ಎಂದರು. ಆಕೆಯ ಕಡೆಗೆ ಯಾರೂ ತಿರುಗಿ ನೋಡಲಿಲ್ಲ.

ವಿಷಯದ ವಿಷವೆಲ್ಲ ಇರುವುದು ಇಲ್ಲಿ. ದೇವಿರಮ್ಮನೂ ಅದನ್ನು ನಂಬಿದಳು. ಗಂಡನ ಜೊತೆ ಕೈಯೂ ಹೋಯಿತು ಎಂದುಕೊಂಡಳು. ಬೀದಿಗೆ ಹೊರಟರೆ ಬಲಗೈ ತಾನಾಗಿ ಸೆರಗಿನೊಳಗೆ ಸೇರಿಕೊಳ್ಳುತ್ತಿತ್ತು. ಯಾರದೋ ಮನೆಯ ಕೂಸನ್ನು ಎತ್ತಿಕೊಳ್ಳಬೇಕಾದರೆ ಎಡಗೈ ಮುಂದಾಗುತ್ತಿತ್ತು. ಕೆಂಪಯ್ಯ ಸತ್ತಾಗ ಅತ್ತು ಮುಗಿಸಿದ್ದ ಆಕೆಗೆ ಕೈಯ ವಿಷಯದಲ್ಲಿ ಅಳಲೂ ಬರಲಿಲ್ಲ. ಅತ್ತರೆ ಯಾರಾದರೂ ಕಾರಣ ಕೇಳುತ್ತಾರಲ್ಲ.

*

ನಾಗರಾಜು ಮದ್ದೂರು ಮಳವಳ್ಳಿ ನಡುವೆ ಓಡುವ ಖಾಸಗಿ ಬಸ್ಸಿನಲ್ಲಿ ಕಂಡಕ್ಟರು. ಅವನ ಹೆಂಡತಿ ಅಮೃತ ಮಳವಳ್ಳಿಯಲ್ಲಿ ಪಿಯುಸಿ ಓದಿದ ಹುಡುಗಿ, ಮದುವೆಯಾಗಿ ಇನ್ನೂ ವರ್ಷ ತುಂಬಿರಲಿಲ್ಲ. ಕೆಂಪಯ್ಯ ಹೋದಂದಿನಿಂದ ಬೀಗ ಬಿದ್ದಿದ್ದ ಹುಳದ ಮನೆಯನ್ನು ಅವಳು ತೆಗೆಸಿದಳು, ಸುಣ್ಣ ಬಳಿಸಿದಳು, ಬ್ಲೀಚಿಂಗ್ ಪೌಡರ್ ಹಾಕಿ ತೊಳೆದಳು. ಕುರಿಗೆ ಬಿಟ್ಟಿದ್ದ ಕಡ್ಡಿ ತೋಟವನ್ನು ಸವರಿಸಿ ಚಿಗುರಿಸಿದಳು. ಮಾಘ ಮಾಸದ ಒಂದು ಬೆಳಿಗ್ಗೆ ಚಾಕಿ ಹುಳವೂ ಬಂತು.

"ಅತ್ತೆ, ಬನ್ನಿ. ಮೊದ್ಲು ಸೊಪ್ಪು ನೀವಾಕ್ಬೇಕು" ಎಂದು ಕರೆದಳು.

"ನಾನ್ ಬರಾಕಿಲ್ಲ. ನೀನೇ ಆಕು."

"ಊರೋರು ಏನೋ ಅಂತಾರೆ ಅಂತ ನೀವೂ ಅದನ್ನೇ ಇಡ್ಕಂಡ್ ಕೂತಿದ್ದೀರಲ್ಲ."

"ಊರೋರ್ ಅನ್ನದು ಬುಡು. ನಂಗೇ ಗೊತ್ತು" ಎಂದು ದೇವಿರಮ್ಮ ಹಿತ್ತಿಲಿಗೆ ಹೋಗಿಬಿಟ್ಟಳು.

ಅಮೃತಳೇ ಸೊಪ್ಪು ಹಾಕಿದಳು. ಹುಳದ ಮನೆಯ ಹೊಸ್ತಿಲನ್ನೂ ದಾಟದೆ ದೇವಿರಮ್ಮ ಹೊರಗಿನ ಕೆಲಸವನ್ನೆಲ್ಲ ಮಾಡಿದಳು, ಕಡ್ಡಿ ಕೊಯ್ದಳು, ಹೊರೆ ಹೊತ್ತಳು, ಕಸ ಸಾಗಿಸಿದಳು. ಮೂರನೇ ಜ್ವರ ಎದ್ದ ದಿನ ಅಮೃತ ಮುಖ ಸಣ್ಣ ಮಾಡಿಕೊಂಡು ಹೊರಗೆ ಬಂದಳು. ಅಂಗೈಯಲ್ಲಿ ಮೂರು ಹುಳ. ಒಂದು ದಪ್ಪ, ಎರಡು ಕಡ್ಡಿ. ಮೈಯ ಗೆಣ್ಣಿನಲ್ಲಿ ಕಪ್ಪು ಪಟ್ಟೆ.

ಆ ಹುಳಗಳನ್ನು ನೋಡಿ ದೇವಿರಮ್ಮನಿಗೆ ಆದದ್ದು ಸಂತೋಷ. ಬೇರೆ ಹೆಸರು ಅದಕ್ಕಿಲ್ಲ. ಎದೆಯ ಮೇಲಿಂದ ಬೀಸುವ ಕಲ್ಲು ಎತ್ತಿಟ್ಟಂತಾಯಿತು. ತಾನು ಮುಟ್ಟಿಲ್ಲ, ತನ್ನ ನೆರಳೂ ಬಿದ್ದಿಲ್ಲ, ಆದರೂ ಹುಳ ಕೆಟ್ಟಿದೆ. ಅಂದರೆ ಕೈಯದಲ್ಲ! ಸೊಸೆ ಎದುರಿಗೆ ಅಳುಮುಖ ಮಾಡಿಕೊಂಡು ನಿಂತಿದ್ದಾಗ ಅತ್ತೆಗೆ ನಗು ಬಂತು. ಸೆರಗು ಬಾಯಿಗೆ ಒತ್ತಿಕೊಂಡು ಒಳಗೆ ಹೋಗಿ ನೀರಿನ ಹಂಡೆಯ ಹಿಂದೆ ನಿಂತು ಸುಧಾರಿಸಿಕೊಂಡಳು. ಅತ್ತೆ ಪಾಪ ತಡೆಯಲಾರದೆ ಅಳುತ್ತಿದ್ದಾಳೆ ಎಂದು ಅಮೃತ ತಿಳಿದಳು.

ಆ ಸಂತೋಷ ಒಂದು ವಾರವೂ ಬಾಳಲಿಲ್ಲ. ಹಾಲಿನ ಡೈರಿಯ ಮುಂದೆ ಕ್ಯಾನು ಹಿಡಿದು ಸಾಲಿನಲ್ಲಿ ನಿಂತಿದ್ದಾಗ ಚಿಕ್ಕಬೋರಮ್ಮ ಇನ್ನೊಬ್ಬಳಿಗೆ ಹೇಳುತ್ತಿದ್ದದ್ದು ಕಿವಿಗೆ ಬಿತ್ತು.

"ಅತ್ತೆ ಕೈ ಓಯ್ತು ಅಂದ್ರೆ ಸೊಸೆ ಕಾಲ್ಗುಣಾನೂ ಅಂಗೇ ಐತೆ ಕಣವ್ವ. ಒಳಗ್ ಓಗಿದ್ದೇ ತಡ, ಉಳ ಎಲ್ಲಾ ಮಕಾಡೆ."

ಹಿಂದೆ ದೇವಿರಮ್ಮ ಇರುವುದನ್ನು ಕಂಡು ಹಾಲಿನ ಡಿಗ್ರಿಯ ಮಾತು ತೆಗೆದಳು. ದೇವಿರಮ್ಮ ಹಾಲು ಹಾಕಿ ಮನೆಗೆ ಬಂದರೆ ಅಮೃತ ಜಗಲಿಯ ಮೇಲೆ ಎದುರುಮನೆಯ ಹೆಂಗಸಿನ ಜೊತೆ ಮಾತಾಡುತ್ತ ನಿಂತಿದ್ದಳು. ಎದುರುಮನೆಯವಳ ಕಂಕುಳಲ್ಲಿದ್ದ ಕೂಸು ಅಮೃತಳ ಕಡೆ ಕೈ ಚಾಚುತ್ತಿತ್ತು. ಅಮೃತ ಅದನ್ನು ಎತ್ತಿಕೊಳ್ಳಲಿಲ್ಲ. ಅವಳ ಬಲಗೈ ವೇಲಿನೊಳಗೆ ಸುತ್ತಿಕೊಂಡಿತ್ತು.

ದೇವಿರಮ್ಮ ಹಾಲಿನ ಕ್ಯಾನನ್ನು ಕೆಳಗಿಡುವುದನ್ನೂ ಮರೆತು ಆ ವೇಲನ್ನೇ ನೋಡಿದಳು. ಈ ಹುಡುಗಿಗೆ ಇದನ್ನು ಯಾರೂ ಹೇಳಿಕೊಟ್ಟಿಲ್ಲ. ಮನೆಯಲ್ಲಿ ದಿನಾ ನೋಡಿ ಕಲಿತಿದೆ ಅಷ್ಟೇ. ಆಕೆಗೆ ತನ್ನ ಮೇಲೆಯೇ ಕೆಟ್ಟ ಸಿಟ್ಟು ಬಂತು.

*

ರೇಷ್ಮೆ ಇಲಾಖೆಯ ನಯನ ಮೇಡಂ ಸ್ಕೂಟರಿನಲ್ಲಿ ಬಂದಳು. ಸತ್ತ ಹುಳ ನೋಡಿದಳು. ತೋಟಕ್ಕೆ ಹೋಗಿ ಒಂದು ಎಲೆ ಕಿತ್ತು ಬಿಸಿಲಿಗೆ ಹಿಡಿದಳು. ಹಸಿರಿನ ಸುತ್ತ ಕಂದು ಅಂಚು, ಅಂಚಿನೊಳಗೊಂದು ಕೆಂಪು ಗೆರೆ.

"ಇದು ರೋಗ ಅಲ್ಲಮ್ಮ" ಎಂದಳು. "ಇಟ್ಟಿಗೆ ಮಣ್ಣು ಸುಟ್ಟಾಗ ಅದರಲ್ಲಿರೋ ಫ್ಲೋರೈಡು ಹೊಗೆಯಾಗಿ ಬರುತ್ತೆ. ಎಲೆ ಅದನ್ನ ಕುಡಿಯುತ್ತೆ. ಮಾವು, ನುಗ್ಗೆ, ಹೊಂಗೆ ಎಲ್ಲದಕ್ಕೂ ಆಗಿರೋದು ಇದೇ. ಕಡ್ಡಿ ಗಿಡ ಹೆಂಗೋ ತಡೆದುಕೊಳ್ಳುತ್ತೆ, ಆದರೆ ಆ ಎಲೆ ತಿಂದ ಹುಳ ತಡೆಯಲ್ಲ. ಹುಳದಷ್ಟು ಸೂಕ್ಷ್ಮ ಯಾವುದೂ ಇಲ್ಲ."

"ಇದನ್ನ ಊರೋರ್ಗೆ ಏಳ್ಬಾರ್ದಾ ಮೇಡಮ್ಮೋರೇ?" ಎಂದಳು ದೇವಿರಮ್ಮ.

"ಪಂಚಾಯ್ತಿ ಕಟ್ಟೆ ಮೇಲೆ ನಿಂತು ಹೇಳಿದೀನಮ್ಮ, ಎರಡು ಸಲ. ಟೀ ಕೊಟ್ಟು ಕಳಿಸಿದರು." ನಯನ ನಕ್ಕಳು, ಆದರೆ ನಗು ಬಾಯಿಯಿಂದ ಮೇಲಕ್ಕೆ ಹೋಗಲಿಲ್ಲ. "ಎಲೆ ಲ್ಯಾಬಿಗೆ ಕಳಿಸ್ತೀನಿ. ಆದರೆ ಕಣ್ಣಾರೆ ಕಾಣದೆ ಯಾರೂ ನಂಬಲ್ಲ. ಹೊಗೆ ತಾಗದ ಕಡೆಯಿಂದ ಸೊಪ್ಪು ತಂದು ಅರ್ಧ ಹುಳಕ್ಕೆ ಅದನ್ನೇ ಹಾಕಿ ನೋಡಿ."

ಮಳವಳ್ಳಿಯಾಚೆ ದೇವಿರಮ್ಮನ ತವರಿನಲ್ಲಿ ತಮ್ಮ ಚಿಕ್ಕಮಾದುವಿನ ಕಡ್ಡಿ ತೋಟವಿತ್ತು. ಅಲ್ಲಿ ಸುತ್ತ ಯಾವ ಚಿಮಣಿಯೂ ಇಲ್ಲ. ಚಿಕ್ಕಮಾದು ಬೆಳಗಿನ ತಂಪಿನಲ್ಲಿ ಕೊಯ್ದು ಒದ್ದೆ ಗೋಣಿಯಲ್ಲಿ ಸುತ್ತಿ ರಸ್ತೆಗೆ ತಂದಿಟ್ಟರೆ, ಯಾರಾದರೂ ಅದನ್ನು ಮಳವಳ್ಳಿ ಸ್ಟ್ಯಾಂಡಿಗೆ ಮುಟ್ಟಿಸುತ್ತಿದ್ದರು. ಅಲ್ಲಿಂದ ನಾಗರಾಜುವಿನ ಬಸ್ಸು. ಪ್ರಯಾಣಿಕರು ಕಾಲಿಡಲು ಜಾಗವಿಲ್ಲವೆಂದು ಬೈದುಕೊಳ್ಳುತ್ತಿದ್ದರು. ನಾಗರಾಜು ರೈಟ್ ರೈಟ್ ಎಂದು ಎಲ್ಲರಿಗಿಂತ ಜೋರಾಗಿ ಕೂಗಿ ಮಾತು ಮುಗಿಸುತ್ತಿದ್ದ.

ಹೊಸ ಹುಳ ಬಂದ ದಿನ ಹುಳದ ಮನೆಯಲ್ಲಿ ಎಡಕ್ಕೊಂದು ಬಲಕ್ಕೊಂದು ಸ್ಟ್ಯಾಂಡು ಸಿದ್ಧವಾಗಿತ್ತು. ಎಡಗಡೆಗೆ ತವರಿನ ಸೊಪ್ಪು. ಬಲಗಡೆಗೆ ಮನೆಯ ತೋಟದ್ದು, ಸುಟ್ಟ ಅಂಚಿನದು. ದೇವಿರಮ್ಮ ಬಹಳ ದಿನದ ಮೇಲೆ ಹೊಸ್ತಿಲು ದಾಟಿ ಒಳಗೆ ಬಂದಳು.

"ಎಡಗಡೆಗೆ ನೀನಾಕವ್ವ" ಎಂದಳು ಅಮೃತಳಿಗೆ. "ಬಲಗಡೆಗೆ ನಾನಾಕ್ತೀನಿ."

"ಅದ್ಯಾಕತ್ತೆ? ಒಳ್ಳೆ ಸೊಪ್ಪಿಗೆ ನೀವಾಕಿ. ನನ್ ಕೈ..."

"ನಿನ್ ಕೈಗೆ ಏನಾಗೈತೆ? ಬಾಯ್ಮುಚ್ಕಂಡು ಏಳ್ದಂಗ್ ಮಾಡು."

ಅಮೃತ ವೇಲಿನಿಂದ ಕೈ ತೆಗೆದು ಎಡಗಡೆಗೆ ಉದುರಿಸಿದಳು. ಸೊಪ್ಪು ಒಂದು ಕಡೆ ಗುಡ್ಡೆಯಾಗಿ ಬಿತ್ತು. ಆಮೇಲೆ ದೇವಿರಮ್ಮ ಬಲಗಡೆಯ ಸ್ಟ್ಯಾಂಡಿನ ಮುಂದೆ ನಿಂತಳು. ಸೊಸೆಯ ಮೇಲಿನ ಮಾತು ಅಳಿಯಬೇಕು ಎಂದೇ ಆಕೆ ಹೀಗೆ ಮಾಡಿದ್ದು. ಅದು ನಿಜ, ಆದರೆ ಅರ್ಧ ನಿಜ. ಉಳಿದರ್ಧ ಯಾರಿಗೂ ಹೇಳುವಂಥದ್ದಲ್ಲ. ಹೊಗೆ ಕುಡಿದ ಸೊಪ್ಪಾದರೂ ತನ್ನ ಕೈಯಿಂದ ಬಿದ್ದರೆ ಹುಳ ಉಳಿದೀತೇನೋ. ಇಷ್ಟು ವರ್ಷ ಊರೆಲ್ಲ ಹೊಗಳಿದ ಕೈ, ಒಳಗೆ ಏನಾದರೂ ಇದ್ದೀತಲ್ಲ. ಇದ್ದರೆ ಈಗ ತೋರಿಸಲಿ. ಆಕೆ ಒಂದು ಹಿಡಿ ಸೊಪ್ಪನ್ನು ಎತ್ತಿ, ಹಿಂದಿನಂತೆಯೇ ಸಮನಾಗಿ, ಒಂದು ಹುಳವೂ ತಪ್ಪದ ಹಾಗೆ ಉದುರಿಸಿದಳು. ಆ ಕೈ ಅಭ್ಯಾಸ ಮರೆತಿರಲಿಲ್ಲ.

ನಾಲ್ಕನೇ ಜ್ವರ ಕಳೆದ ಹೊತ್ತಿಗೆ ಎಲ್ಲ ಗೊತ್ತಾಯಿತು. ಎಡಗಡೆಯ ಹುಳ ಬೆಳ್ಳಗೆ, ಬೆರಳು ಗಾತ್ರ, ಕಡ್ಡಿ ಹಾಕಿದ್ದೇ ತಡ ಸರಸರ ಸದ್ದು. ಬಲಗಡೆ ಸದ್ದೇ ಇಲ್ಲ. ಎಲೆಯ ಮೇಲೆ ಹುಳ ಸುಮ್ಮನೆ ಮಲಗಿತ್ತು, ತಿಂದದ್ದೂ ಅಷ್ಟಕ್ಕಷ್ಟೇ. ಮಧ್ಯಾಹ್ನ ಅಮೃತ ಊಟಕ್ಕೆ ಹೋದಾಗ ದೇವಿರಮ್ಮ ಒಬ್ಬಳೇ ಬಲಗಡೆಯ ಸ್ಟ್ಯಾಂಡಿನ ಮುಂದೆ ನಿಂತು ಸತ್ತವನ್ನು ಆರಿಸಿ ಸುಣ್ಣದ ಬಕೆಟ್ಟಿಗೆ ಹಾಕಿದಳು. ಗಂಡ ಸತ್ತಾಗಿನ ಅಳು ಬೇರೆ, ಇದು ಬೇರೆ. ಕೈಗುಣ ಹೋಯಿತು ಎಂದು ತಿಳಿದಾಗ ಆದ ನೋವಿಗಿಂತ, ಅದು ಹೋಗುವುದಕ್ಕೆ ಮೊದಲು ಇರಲೇ ಇಲ್ಲ ಎಂದು ತಿಳಿದದ್ದು ಹೆಚ್ಚು ನೋಯಿಸಿತು. ಹೋಯಿತು ಎಂದಾಗ ಒಂದು ಕಾಲದಲ್ಲಿ ಇತ್ತಲ್ಲ ಎನ್ನುವ ಸಮಾಧಾನವಾದರೂ ಇತ್ತು.

*

ಹುಳದ ಮನೆಗೆ ಹೊರಗಿನವರನ್ನು ಬಿಡುವ ಪದ್ಧತಿ ಆ ಊರಿನಲ್ಲಿಲ್ಲ. ಹೆತ್ತ ತಾಯಿ ಬಂದರೂ ಬಾಗಿಲಲ್ಲೇ ನಿಲ್ಲಿಸಿ ಮಾತಾಡಿಸುತ್ತಾರೆ. ಹಾಗಾಗಿ ಹುಳ ಹಣ್ಣಾಗತೊಡಗಿದ ದಿನ ದೇವಿರಮ್ಮ ಡೈರಿಯ ಸಾಲಿನಲ್ಲೇ ನಿಂತು, "ನಮ್ ಉಳದ್ ಮನೇಗ್ ಬಂದ್ ನೋಡ್ರವ್ವಾ ಎಲ್ರೂವೆ" ಎಂದಾಗ ಸಾಲಿನ ತಲೆಗಳೆಲ್ಲ ಇತ್ತ ತಿರುಗಿದವು. ಕರೆದರೆ ಬಿಡುವವರುಂಟೇ? ಕ್ಯಾನು ಮನೆಗೆ ಮುಟ್ಟಿಸಿ ಬೀದಿಯ ಹೆಂಗಸರೆಲ್ಲ ಬಂದರು. ಬಾಗಿಲಲ್ಲಿಟ್ಟಿದ್ದ ಬ್ಲೀಚಿಂಗ್ ಪುಡಿಯ ಮೇಲೆ ಕಾಲೊತ್ತಿ ಒಬ್ಬೊಬ್ಬರಾಗಿ ಒಳಗೆ ಬಂದರು. ಎಲ್ಲರಿಗಿಂತ ಮುಂದೆ ಚಿಕ್ಕಬೋರಮ್ಮ.

ಎಡಗಡೆ ಹುಳ ಹಣ್ಣಾಗಿ ಬೆಳಕು ಹಾಯುವಂತಾಗಿತ್ತು. ತಲೆಯೆತ್ತಿ ಗೂಡಿಗೆ ಜಾಗ ಹುಡುಕುತ್ತಿತ್ತು. ಕೆಲವನ್ನು ಆಗಲೇ ಗೂಡು ಕಟ್ಟಿಸುವ ಚಂದ್ರಿಕೆಗೆ ಬಿಟ್ಟಾಗಿತ್ತು, ಬಿದಿರಿನ ಸುರುಳಿಗಳಲ್ಲಿ ಹಳದಿ ನೂಲು ಕಾಣುತ್ತಿತ್ತು. ಬಲಗಡೆ ಬರೀ ಕಡ್ಡಿ, ಒಣಗಿದ ಸೊಪ್ಪು, ಅಲ್ಲೊಂದು ಇಲ್ಲೊಂದು ಕಪ್ಪು ಪಟ್ಟೆಯ ಹುಳ.

ಚಿಕ್ಕಬೋರಮ್ಮ ಎಡಕ್ಕೆ ನೋಡಿದಳು, ಬಲಕ್ಕೆ ನೋಡಿದಳು, ಅಮೃತಳ ಮುಖ ನೋಡಿದಳು. ಲೆಕ್ಕ ಹಾಕಲು ಅವಳಿಗೆ ಹೊತ್ತು ಹಿಡಿಯಲಿಲ್ಲ. ಉಳಿದದ್ದು ಅತ್ತೆಯ ಕೈಯದು, ಸತ್ತದ್ದು ಸೊಸೆಯದು.

"ಬಂತಲ್ಲೇ ದೇವಿರೀ! ನಿನ್ ಕೈ ವಾಪಸ್ ಬಂತಲ್ಲೇ!"

ಅವಳು ದೇವಿರಮ್ಮನ ಬಲಗೈಯನ್ನು ಸೆರಗಿನಿಂದ ಎಳೆದು ತೆಗೆದು ಎರಡೂ ಕಣ್ಣಿಗೆ ಒತ್ತಿಕೊಂಡಳು. ಅವಳ ಕಣ್ಣು ನಿಜವಾಗಿಯೂ ಒದ್ದೆಯಾಗಿತ್ತು. "ಎಷ್ಟ್ ಸಂಕಟ ಪಟ್ಟಿವ್ನಿ ಗೊತ್ತಾ, ನಿನ್ನ ಕರೀದೇ. ನಾಳೀಕೆ ನಮ್ಗೆ ಚಾಕಿ ಬತ್ತೈತೆ. ನೀನೇ ಬರ್ಬೇಕು ಕಣೇ. ನೀನ್ ಬಂದ್ ಆಕಗಂಟ ಒಂದ್ ಎಲೆ ಇಕ್ಕಾಕಿಲ್ಲ ನಾನು."

"ನಮ್ಮನ್ಗೂ ಬಾ ದೇವಿರಕ್ಕ" ಎಂದಳು ಇನ್ನೊಬ್ಬಳು. "ನಮ್ಗೆ ಸುಕ್ರವಾರ." ಯಾರೋ ಹಿಂದಿನಿಂದ ಅಮೃತಳ ಕಡೆ ತಿರುಗಿ, "ನೀನೂ ಬೇಜಾರ್ ಮಾಡ್ಕಬೇಡ ಕಣ್ ಮಗಾ, ಎಲ್ರ್ ಕೈಯೂ ಒಂದೇ ಇರಾಕಿಲ್ಲ" ಎಂದು ಕನಿಕರ ತೋರಿಸಿದಳು.

ದೇವಿರಮ್ಮ ಇವರನ್ನು ಕರೆದದ್ದು ಯಾವ ಸೊಪ್ಪು ಎಲ್ಲಿಯದು ಎಂದು ಹೇಳುವುದಕ್ಕೆ, ಯಾರ ಕೈ ಯಾವುದಕ್ಕೆ ಎಂದು ಹೇಳುವುದಕ್ಕೆ. ಮಾತು ನಾಲಗೆಯ ಮೇಲೆಯೇ ಇತ್ತು. ಆದರೆ ಚಿಕ್ಕಬೋರಮ್ಮನ ಕಣ್ಣಿನ ಬಿಸಿ ಇನ್ನೂ ಅಂಗೈಗೆ ಅಂಟಿಕೊಂಡಿತ್ತು. ಎಷ್ಟು ದಿನವಾಗಿತ್ತು ಆ ಕೈಯನ್ನು ಯಾರಾದರೂ ಹಿಡಿದು. ಸುಮ್ಮನಿದ್ದರೆ ಸಾಕು, ಎಲ್ಲ ಮೊದಲಿನಂತೆಯೇ. ನಾಳೆ ಚಿಕ್ಕಬೋರಮ್ಮನ ಮನೆ, ಶುಕ್ರವಾರ ಇನ್ನೊಬ್ಬರ ಮನೆ. ಸುಳ್ಳು ಹೇಳಬೇಕಾಗಿಯೂ ಇಲ್ಲ, ಅವರಾಗಿಯೇ ಅಂದುಕೊಂಡದ್ದು. ದೇವಿರಮ್ಮ ಆ ಕ್ಷಣವನ್ನು ಒಳ್ಳೆಯ ಊಟದ ಹಾಗೆ ಅನುಭವಿಸಿದಳು ಎನ್ನುವುದನ್ನು ಮುಚ್ಚಿಡಬೇಕಾಗಿಲ್ಲ.

ಅಮೃತ ಮೂಲೆಯಲ್ಲಿ ಚಂದ್ರಿಕೆಯ ಪಕ್ಕ ನಿಂತಿದ್ದಳು. ಅತ್ತೆಯ ಕಡೆ ನೋಡಲೂ ಇಲ್ಲ. ತಾನಾಗಿ ಹೇಳುವ ಹುಡುಗಿಯಲ್ಲ ಅದು, ಜನ್ಮದಲ್ಲಿ ಹೇಳುವುದಿಲ್ಲ. ಅವಳ ಬಲಗೈ ಮೆಲ್ಲಗೆ ವೇಲಿನೊಳಗೆ ಹೋಗುತ್ತಿತ್ತು.

"ಎಡಗಡೆ ಉಳುಕ್ಕೆ ಮೊದ್ಲು ಸೊಪ್ಪು ಆಕಿದ್ದು ನಾನಲ್ಲ" ಎಂದಳು ದೇವಿರಮ್ಮ. "ಅಮೃತ ಆಕಿದ್ದು. ನಾನ್ ಆಕಿದ್ದು ಬಲಗಡೇಕೆ. ಸತ್ತೋದ್ವಲ್ಲ, ಅವ್ಕೆ."

ಯಾರೋ ನಕ್ಕರು, ತಮಾಷೆ ಎಂದುಕೊಂಡು. ದೇವಿರಮ್ಮ ನಗಲಿಲ್ಲ. ಬಲಗಡೆಯಿಂದ ಒಂದು ಎಲೆ, ಎಡಗಡೆಯಿಂದ ಒಂದು ಎಲೆ ಎತ್ತಿ ಎರಡನ್ನೂ ಬಾಗಿಲ ಬೆಳಕಿಗೆ ಹಿಡಿದಳು.

"ಇದು ನಮ್ ತಮ್ಮನ ತ್ವಾಟುದ್ದು. ಇದು ನಮ್ಮದು. ಸುತ್ತಾ ಎಂಗ್ ಸುಟ್ಟೈತೆ ನೋಡ್ರಿ. ನಿಮ್ ತ್ವಾಟುದ್ದೂ ಇಂಗೇ ಐತೆ, ಓಗಿ ಕಿತ್ ನೋಡ್ರಿ. ಆ ಮೇಡಮ್ಮ ಬಾಯ್ ಬಾಯ್ ಬಡ್ಕಂಡ್ರು, ಒಗೆ ಒಗೆ ಅಂತ. ನಾವು ಕೈ ಅಂತೀವಿ, ಕಾಲು ಅಂತೀವಿ. ಕೈಲೇನೈತೆ?"

"ಅದೆಂಗಾದದೇ?" ಚಿಕ್ಕಬೋರಮ್ಮನ ದನಿ ಇಳಿದಿತ್ತು. ಚಿಮಣಿ ನಿಂತಿರುವುದು ತಮ್ಮ ಜಮೀನಿನಲ್ಲಿ ಎನ್ನುವುದು ಅವಳಿಗೆ ಆ ಗಳಿಗೆಯಲ್ಲಿ ನೆನಪಾಯಿತೋ ಏನೋ. "ಮೊದ್ಲು ನಿನ್ ಕೈಲಿ ಆಗ್ತಿತ್ತಲ್ಲ. ನಾವೆಲ್ಲ ಕಂಡಿಲ್ವಾ?"

"ಮೊದ್ಲು ಒಗೆ ಇರ್ನಿಲ್ಲ. ಅದ್ಕೇ ಆಗ್ತಿತ್ತು. ಯಾರ್ ಆಕಿದ್ರೂ ಆಗ್ತಿತ್ತು."

"ಅಂಗಾರೆ ಇಷ್ಟ್ ವರ್ಸ ನಿನ್ನ ಕರ್ಕಂಡೋಗಿ ಆಕುಸ್ತಿದ್ದದ್ದು?"

ದೇವಿರಮ್ಮ ಎರಡೂ ಎಲೆಗಳನ್ನು ಚಿಕ್ಕಬೋರಮ್ಮನ ಕೈಗಿಟ್ಟಳು.

"ಸುಮ್ಕೆ ಕಣವ್ವ" ಎಂದಳು.

*

ಹೆಂಗಸರು ಮನೆಗೆ ಹೋಗುವ ದಾರಿಯಲ್ಲಿ ಅವರವರ ತೋಟದ ಎಲೆ ಕಿತ್ತು ನೋಡಿದರು. ಮಾವು, ನುಗ್ಗೆ, ತುಂಬೆ ಎಲ್ಲವೂ ಅಂದಿನ ದಿನ ಒಟ್ಟಿಗೆ ನೆನಪಾದವು. ಚಿಕ್ಕಬೋರಮ್ಮ ಗಂಡನ ಜೊತೆ ಜಗಳವಾಡಿ ಅಡುಗೆ ಮಾಡಲಿಲ್ಲ. ನಯನ ಮೇಡಂ ಈ ಸಲ ಪಂಚಾಯ್ತಿ ಕಟ್ಟೆಯ ಮೇಲೆ ನಿಂತಾಗ ಟೀ ಬರುವುದು ತಡವಾಯಿತು, ಎಲ್ಲರೂ ಕೇಳುತ್ತ ಕೂತಿದ್ದರು. ಅರ್ಜಿ ಹೋಯಿತು, ಅಧಿಕಾರಿಗಳು ಜೀಪಿನಲ್ಲಿ ಬಂದು ಹೋದರು. ಮುಂಗಾರಿಗೆ ಫ್ಯಾಕ್ಟರಿ ಎಂದಿನಂತೆ ಆರಿತು. ಮಳೆಯ ಬಿಡುವಿನಲ್ಲಿ ಸಾಹುಕಾರ ಅಲ್ಲೇ ಸುಟ್ಟ ಇಟ್ಟಿಗೆಯಲ್ಲಿ ಚಿಮಣಿಯನ್ನು ಇನ್ನಷ್ಟು ಎತ್ತರ ಮಾಡಿಸತೊಡಗಿದ. ಇನ್ನು ಮುಂದೆ ಹೊಗೆ ನಿಮ್ಮ ಊರಿನ ಮೇಲೆ ಬೀಳುವುದಿಲ್ಲ, ಆಚೆಗೆ ಹೋಗುತ್ತದೆ ಎಂದ. ಆಚೆಗಿನ ಊರಿನಲ್ಲೂ ಕಡ್ಡಿ ತೋಟಗಳಿವೆ, ಆ ಮಾತನ್ನು ಸದ್ಯಕ್ಕೆ ನಯನ ಒಬ್ಬಳೇ ಆಡುತ್ತಿದ್ದಾಳೆ.

ದೇವಿರಮ್ಮನನ್ನು ಮತ್ತೆ ಯಾರೂ ಕರೆಯಲಿಲ್ಲ. ಈ ಸಲ ಹೆದರಿ ಅಲ್ಲ. ಕರೆಯಲು ಕಾರಣವಿರಲಿಲ್ಲ. ಚಾಕಿಯ ಆಟೋ ಬಂದರೆ ಅವರವರ ಮನೆಯಲ್ಲಿ ಕೈ ಬಿಡುವಾಗಿದ್ದವರು ಸೊಪ್ಪು ಹಾಕಿಕೊಂಡರು. ಬೀದಿಯಲ್ಲಿ ಎದುರಾದರೆ ಎಲ್ಲರೂ ಚೆನ್ನಾಗಿಯೇ ಮಾತಾಡಿಸುತ್ತಿದ್ದರು, ಎಲ್ಲರನ್ನೂ ಮಾತಾಡಿಸುವ ಹಾಗೆ.

ಆರಿದ್ರಾ ಮಳೆ ಹಿಡಿದ ಒಂದು ಬೆಳಿಗ್ಗೆ ಅಮೃತ ಮುಂದಿನ ಬೆಳೆಗೆ ಹುಳ ತರಿಸಿದಳು. ತೋಟ ಮಳೆಗೆ ತೊಳೆದು ಚಿಗುರಿತ್ತು, ಎಲೆಯ ಅಂಚು ಪೂರ್ತಿ ಹಸಿರು. ದೇವಿರಮ್ಮ ಜಗಲಿಯ ಮೇಲೆ ಸೊಪ್ಪಿನ ಹೊರೆ ಬಿಚ್ಚುತ್ತಿದ್ದಳು.

"ಅತ್ತೆ, ಒಳಗ್ ಬನ್ನಿ. ಮೊದ್ಲು ಸೊಪ್ಪು ಆಕಿ."

"ನಾನ್ಯಾಕೆ? ನೀನೇ ಆಕು. ಕೈಲೇನಿಲ್ಲ ಅಂತ ಊರ್ಗೆಲ್ಲ ಗೊತ್ತಾಗೈತೆ."

"ಏನಿಲ್ಲ ಅಂತ ನಂಗೂ ಗೊತ್ತು" ಎಂದಳು ಅಮೃತ. ಒಂದು ಹಿಡಿ ಎಳೆಯ ಸೊಪ್ಪನ್ನು ಅತ್ತೆಯ ಮುಂದೆ ಹಿಡಿದೇ ನಿಂತಿದ್ದಳು. "ಸುಮ್ಕೆ ಆಕಿ."

ದೇವಿರಮ್ಮ ಅವಳ ಮುಖವನ್ನೇ ನೋಡಿದಳು. ಆಮೇಲೆ ಎದ್ದು ಕೈಕಾಲು ತೊಳೆದುಕೊಂಡು ಒಳಗೆ ಹೋದಳು.